ವಿಳಂಬಕ್ಕೆ ಕಾರಣ

ಫೋನಿನಲ್ಲೇ ಕೇಳಿದ್ದೆ: ಪ್ಲಗ್ಗು ಸರಿಯಾಗಿ ಕೂತಿದೆಯಾ?
ಕೂತಿದೆ ಅಂದರು, ಸಿಡುಕಿ.
ಎಲ್ಲರೂ ಹಾಗೇ ಅನ್ನುತ್ತಾರೆ.
ಅರ್ಧ ಶಿವಮೊಗ್ಗ ಸುತ್ತಿ ನಾನು ಮಾಡಿದ ರಿಪೇರಿಯೆಂದರೆ
ಸಡಿಲ ಪ್ಲಗ್ಗನ್ನು ಹೆಬ್ಬೆರಳಲ್ಲಿ ಒತ್ತಿದ್ದು,
ಒತ್ತಿದ್ದಕ್ಕೆ ದುಡ್ಡು ಕೇಳಲು ನಾಚಿ
ಕಾಫಿ ಕುಡಿದು ಬಂದದ್ದು.

ಹೊಸಮನೆ ಬಡಾವಣೆ, ಮೂರನೇ ತಿರುವು,
ಗೇಟಿನಲ್ಲಿ ಬಣ್ಣ ಹೋದ ಹಲಗೆ:
ಹಾಲೇಶಪ್ಪ, ಸಂಚಾರ ನಿಯಂತ್ರಕರು, ನಿವೃತ್ತ.
ಮೂವತ್ತೊಂದು ವರ್ಷ ಬಸ್‌ಸ್ಟ್ಯಾಂಡಿನ ಗೂಡಿನಲ್ಲಿ ಕೂತು
ಸಾಗರದ ಗಾಡಿ ಬಿಟ್ಟವರು, ಶಿಕಾರಿಪುರದ್ದು ತಡೆದವರು.
ಬಾಗಿಲು ತೆಗೆದವರೇ ಗೋಡೆಯತ್ತ ನೋಡಿ,
"ನಾಲ್ಕಕ್ಕೆ ಅಂದಿದ್ದೆ. ಈಗ ನಾಲ್ಕು ಹತ್ತು."

ಪ್ಲಗ್ಗು ಕೂತೇ ಇತ್ತು.
ಮನಸ್ಸಿನಲ್ಲೇ ತಪ್ಪಾಯಿತು ಅಂದೆ.
ಗುಂಡಿ ಒತ್ತಿದರೆ ಪರದೆ ಕಪ್ಪು, ಒಳಗಿನಿಂದ
ಕೀಂ, ಕೀಂ, ಕೀಂ.
"ಒಂದು ಸೀಟಿಗೆ ನಿಲ್ಲು, ಎರಡಕ್ಕೆ ಹೋಗು.
ಮೂರು ಸೀಟಿ ನಮ್ಮ ಇಲಾಖೆಯಲ್ಲಿಲ್ಲ."
ನಮ್ಮಲ್ಲಿದೆ ಸಾರ್, ಅಂದೆ.
ನೆನಪು ತನ್ನ ಸೀಟಿನಿಂದ ಜಾರಿದೆ ಅಂತ ಅರ್ಥ.

ಪೆಟ್ಟಿಗೆಯ ಪಕ್ಕೆ ಬಿಚ್ಚಿದರೆ
ಧೂಳಲ್ಲ ಅದು, ಕಂಬಳಿ.
ಫ್ಯಾನಿನ ಎರಡು ರೆಕ್ಕೆಗಳ ನಡುವೆ ಜೇಡ,
ಹೊಟ್ಟೆಗಂಟಿಸಿಕೊಂಡ ಬಿಳಿ ಮೊಟ್ಟೆಗಂಟು.
ಬ್ಲೋವರ್ ಕೈಯಲ್ಲೇ ಇತ್ತು, ಒಂದು ಊದಿಗೆ ಮುಗಿಯುತ್ತಿತ್ತು.
"ತಡೀರಿ."
ಲೋಟ ತಂದರು, ಕಳೆದ ವರ್ಷದ ಕ್ಯಾಲೆಂಡರಿನ ಹಾಳೆ ತಂದರು,
ಮಂಡಿಯೂರಿ ಕೂತು ಇಪ್ಪತ್ತು ನಿಮಿಷ
"ಹತ್ತಮ್ಮಾ, ಮುಂದೆ ಹೋಗು, ಒಳಗೆ ಜಾಗ ಇದೆ"
ಎಂದು ಬೇಡಿ, ಗದರಿ, ಹತ್ತಿಸಿಕೊಂಡು
ಹಿತ್ತಲಿನ ದಾಸವಾಳದಲ್ಲಿ ಇಳಿಸಿ ಬಂದರು.

ಬೆರಳುದ್ದದ ಪಟ್ಟಿ ಎಳೆದು
ಅದರ ಚಿನ್ನದ ಹಲ್ಲುಗಳನ್ನು ಶಾಲೆಮಕ್ಕಳ ರಬ್ಬರಿನಲ್ಲಿ ಉಜ್ಜಿದೆ.
ಬರೆದದ್ದನ್ನೆಲ್ಲ ಅಳಿಸುವ ರಬ್ಬರು
ಇಲ್ಲಿ ಮಾತ್ರ ನೆನಪು ಮರಳಿಸುತ್ತದೆ;
ಯಾಕೆಂದು ಐಟಿಐನಲ್ಲಿ ಹೇಳಿಕೊಟ್ಟಿದ್ದರು,
ಮರೆತಿದ್ದೇನೆ.
ಎರಡೂ ಕಿವಿ ಟಕ್ಕೆನ್ನುವವರೆಗೆ ಒತ್ತಿದೆ.
ಬೆಳಕು ಬಂತು.

"ಇದು ನೆಗಡಿ," ಅಂದರು. "ಕಾಯಿಲೆ ಬೇರೆಯೇ ಇದೆ."
ಎರಡು ತಿಂಗಳಿಂದ ಬ್ಯಾಂಕು ತೆರೆಯುತ್ತಿಲ್ಲ.
ಯಾವ ಪುಟಕ್ಕೆ ಹೋದರೂ
ನಿಮ್ಮ ಸಂಪರ್ಕ ಸುರಕ್ಷಿತವಲ್ಲ, ನಿಮ್ಮ ಸಂಪರ್ಕ ಸುರಕ್ಷಿತವಲ್ಲ.
ಭದ್ರಾವತಿಯಿಂದ ಅಳಿಯ ಬಂದು ಎರಡು ಸಲ ವೈರಸ್ ಬೇಟೆಯಾಡಿದ್ದ.
ಬೈಸಿಕೊಂಡ ಕೇಬಲ್ ಹುಡುಗ ವೈರೇ ಬದಲಿಸಿದ್ದ.
ನಾನು ಪರದೆಯ ಬಲಮೂಲೆ ನೋಡಿದೆ:
ಎರಡು ಸಾವಿರದ ಒಂಬತ್ತು, ಜನವರಿ ಒಂದು,
ನಡುರಾತ್ರಿ ಕಳೆದು ನಾಲ್ಕು ನಿಮಿಷ.

ಹೇಗೆ ಹೇಳಲಿ, ಈ ಮನುಷ್ಯರಿಗೆ,
ನಿಮ್ಮ ಮನೆಯಲ್ಲೇ ಟೈಮು ತಪ್ಪಿದೆ ಎಂದು?

"ಸಾರ್, ಪಾಸಿನ ಮೇಲೆ ಇನ್ನೂ ಹುಟ್ಟದ ತಾರೀಖಿದ್ದರೆ
ಗಾಡಿಯಲ್ಲಿ ಕೂರಿಸುತ್ತಿದ್ದಿರಾ?"
"ಇಳಿಸ್ತಿದ್ದೆ."
"ಇದೂ ಇಳಿಸುತ್ತಿದೆ. ಬ್ಯಾಂಕನ್ನೇ."

ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು
ಬಹಳ ಹೊತ್ತು ಆ ಮೂಲೆ ನೋಡಿದರು.
"ಅವತ್ತು ನೈಟ್ ಡ್ಯೂಟಿ. ಹೊಸನಗರದ ಕೊನೇ ಗಾಡಿ
ಪಂಕ್ಚರಾಗಿ ಬರಲೇ ಇಲ್ಲ."
ಸ್ವಲ್ಪ ಬಿಟ್ಟು,
"ಇಷ್ಟು ಸಣ್ಣಕ್ಕೆ ಬರೆದರೆ ಯಾರಿಗೆ ಕಾಣುತ್ತೆ."

ನಾಣ್ಯದಂಥ ಸೆಲ್ಲು, ನಲವತ್ತು ರೂಪಾಯಿ.
ಕರೆಂಟು ಹೋದಾಗ ಕಾಲವನ್ನು ಹಿಡಿದಿಡುವುದೊಂದೇ ಅದರ ಕೆಲಸ;
ಅದಕ್ಕೂ ಎಂದೋ ನಿವೃತ್ತಿಯಾಗಿತ್ತು.
ಹೊಸದು ಕೂರಿಸಿ ಗಂಟೆ ಕೇಳಿದೆ.
"ಐದು ನಿಮಿಷ ಮುಂದಿಡಿ. ಜನ ಯಾವಾಗಲೂ ತಡ."
ಹಾಗೇ ಇಟ್ಟೆ.
ಜಾಲ ಸಿಕ್ಕಿದೊಡನೆ ಅದು ತಾನೇ ಹಿಂದೆ ಸರಿಯುತ್ತದೆ
ಎಂಬುದನ್ನು ಹೇಳಲಿಲ್ಲ.
ಬ್ಯಾಂಕು ತೆರೆಯಿತು. ಪೆನ್ಶನ್ ಬಂದಿತ್ತು.

ದುಡ್ಡು ಎಣಿಸಿ ಕೊಟ್ಟು, ಕಪಾಟಿನಿಂದ
ಉದ್ದನೆಯ ರಿಜಿಸ್ಟರು ತೆಗೆದು, ಗೆರೆಯೆಳೆದು ಬರೆದರು:
ದಿಲ್‌ಶಾದ್, ದುರ್ಗಿಗುಡಿಯಿಂದ.
ಬಂದದ್ದು ನಾಲ್ಕು ಹತ್ತು. ಬಿಟ್ಟದ್ದು ಐದು ಮೂವತ್ತೈದು.
ವಿಳಂಬಕ್ಕೆ ಕಾರಣ:
ಪ್ರಯಾಣಿಕಳು ಒಬ್ಬಳು, ಲಗೇಜು ಸಹಿತ.