ಕಡೆಗಣ್ಣು

ಮೊದಲು ಅದೊಂದು ಪರದೆಯಾಗಿತ್ತು,
ನಾಟಕ ಕಂಪನಿಯವರು ಅರಮನೆ ಬರೆದು ಇಳಿಬಿಡುವಂಥದು.
ಗುಲಾಬಿ, ನೇರಳೆ, ನಡುವೆ ಚೆಲ್ಲಿದ ಹಾಲು.
ಎದುರಿನಿಂದ ಚೆಲುವೆ.
ನೌಕೆಯನ್ನು ಒಂದಿಷ್ಟು ಬಲಕ್ಕೆ ಹೊರಳಿಸಿದೆ:
ನೀಹಾರಿಕೆ ತೆಳ್ಳಗಾಗುತ್ತ ಆಗುತ್ತ
ಹಪ್ಪಳದ ಅಂಚಾಯಿತು, ಆಮೇಲೆ ಗೆರೆ,
ಆಮೇಲೆ ಏನೂ ಇಲ್ಲ.
ಇಪ್ಪತ್ತನಾಲ್ಕು ಜ್ಯೋತಿರ್ವರ್ಷ ಅಗಲದ್ದು!

ಸರಿ, ಇದಕ್ಕೊಂದು ಮೈ ಕೊಡೋಣ ಎಂದು ಕೂತೆ.
ವಿಕುನ್ಯಾದಲ್ಲಿ ಆಗ ದ್ರಾಕ್ಷಿ ಕೊಯ್ಲು.
ಕಿಟಕಿಯಾಚೆ ಲಾರಿಗಳು ಹುಳಿವಾಸನೆ ಹೊತ್ತು
ಪಿಸ್ಕೊ ಭಟ್ಟಿಗೆ ಹೋಗುತ್ತಿದ್ದವು.
ಒಳಗೆ ನಾನು ಹೊಗೆಯನ್ನು ಸಣ್ಣಸಣ್ಣ ಘನಗಳಾಗಿ ಹೆಚ್ಚಿ
ಒಂದೊಂದನ್ನೂ ಕೇಳುತ್ತಿದ್ದೆ:
ನೀನೆಷ್ಟು ಬೆಳಗುತ್ತೀ?
ಹಿಂದಿನವರ ಬೆಳಕನ್ನು ಎಷ್ಟು ನುಂಗುತ್ತೀ?
ಅದರ ಮುಖ ಎಲ್ಲರಿಗೂ ಗೊತ್ತು. ಬೆನ್ನು ಯಾರೂ ಕಂಡಿಲ್ಲ.
ಬೆನ್ನನ್ನು ನಾನೇ ಹುಟ್ಟಿಸಿದೆ, ೪೪೭೧ ಎಂಬ ಅಂಕಿಯಿಂದ.
೪೪೭೨ ಕೊಟ್ಟಿದ್ದರೆ ಬೇರೆ ಬೆನ್ನು.
ಇದನ್ನು ಯಾರಿಗೂ ಹೇಳಿಲ್ಲ.

ಆಮೇಲೆ ಬಣ್ಣದ ತಕರಾರು.
ಆ ಕೆಂಪು, ಗಂಟೆಗಟ್ಟಲೆ ಬಾಯಿ ತೆರೆದು ಕೂತ
ಕ್ಯಾಮೆರಾ ಕುಡಿದ ಕೆಂಪು. ಕಣ್ಣಿನ ಗುಟುಕು ಚಿಕ್ಕದು.
ಹತ್ತಿರ ಹೋದರೆ?
ಹೋದಷ್ಟೂ ದೊಡ್ಡದಾಗುತ್ತದೆ, ಹೊಳಪು ಅಷ್ಟೇ.
ಸಂಬಳ ಏರಿದಷ್ಟೂ ಖರ್ಚು ಏರುವ ಮನೆಯ ಹಾಗೆ
ಬಂದ ಬೆಳಕೆಲ್ಲ ಬೆಳೆದ ಮೈಗೇ ಸರಿಹೋಗುತ್ತದೆ.
ಒಳಗೇ ಹೊಕ್ಕರಂತೂ
ಹೊಕ್ಕದ್ದೇ ತಿಳಿಯದು.

ನಿಜದ ಸೂತ್ರ ಬರೆದು ಓಡಿಸಿದೆ. ಕಪ್ಪು.
ಮೂರು ರಾತ್ರಿ ದೋಷ ಹುಡುಕಿದೆ. ದೋಷವಿರಲಿಲ್ಲ.
ಶಾಲೆಯ ಅಂಗಳದಲ್ಲಿ ಗಾಳಿ ತುಂಬಿ ನಿಲ್ಲಿಸಿದ ಗುಮ್ಮಟದೊಳಗೆ
ಮೂರನೆಯ ತರಗತಿ ಸಾಲಾಗಿ ಮಲಗಿ ಕೇಳಿತು:
"ಟೀಯಾ, ಕರೆಂಟು ಹೋಯಿತಾ?"
ಒಂದು ಸಾಲು ಸಾಕಿತ್ತು, ನಲವತ್ತು ಪಟ್ಟು ಎಂದು.
ಗುಲಾಬಿ ಮರಳುತ್ತಿತ್ತು. ಬೆರಳು ಕೀಲಿಯ ಮೇಲೇ ಇತ್ತು.

ಆ ಸಂಜೆ ಬಂದವರು ದೋನ್ ಬರ್ತೋಲೊ ಅರಾಯಾ.
ಮೂವತ್ತೊಂದು ವರ್ಷ ಬೆಟ್ಟದ ಮೇಲೆ, ದೂರದರ್ಶಕದ ಬಳಿ ರಾತ್ರಿಪಾಳಿ.
ಈಗ ಎರಡೂ ಕಣ್ಣಿನ ನಟ್ಟನಡುವೆ ಬೂದಿಯ ಬಿಲ್ಲೆ.
ಯಾರನ್ನು ನೋಡಿದರೂ ಕಿವಿ ಇದೆ, ಟೋಪಿ ಇದೆ, ಮುಖವಿಲ್ಲ.
ಮಗಳ ಮದುವೆಯ ಫೋಟೋದಲ್ಲಿ
ಮಗಳೊಬ್ಬಳನ್ನು ಬಿಟ್ಟು ಎಲ್ಲರೂ ಕಾಣುತ್ತಾರಂತೆ.

ಚಾಪೆಯ ಮೇಲೆ ಮಲಗಿದರು. ನಾನೂ.
ಕಾಲು ಗಂಟೆ ಗಾಳಿಯೂದುವ ಫ್ಯಾನಿನದೇ ಮಾತು.
"ಇದೆ," ಎಂದರು.
ಎಲ್ಲಿ?
"ಮೂವರು ಮರಿಯರ ಮೇಲ್ಗಡೆ. ಬೂದು.
ಚೂರು ಹಸಿರು ಇದ್ದರೂ ಇದ್ದೀತು.
ರೆಕ್ಕೆ ಬಿಚ್ಚಿದೆ. ಸರಿಯಾಗಿ ಮಾಡಿದ್ದೀ, ಯಸ್ನಾ."

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದೆ.
ನಾನೇ ಮಾಡಿದ್ದು, ನನಗೇ ಇಲ್ಲ.
"ದಿಟ್ಟಿಸಬೇಡ ಮಗೂ, ದಿಟ್ಟಿಸಿದರೆ ಹೋಗುತ್ತದೆ.
ಪಕ್ಕದ್ದು ಯಾವುದಾದರೂ ಚುಕ್ಕಿ ನೋಡು.
ಅದನ್ನು ಕಡೆಗಣಿಸು."

ಕಡೆಗಣಿಸಿದೆ.
ಬಾಗಿಲಿಗೆ ಬಂದು, ಕರೆಯದೆ ನಿಂತವರ ಹಾಗೆ
ನೋಟದ ಅಂಚಿನಲ್ಲಿ ಉಸಿರಿನಷ್ಟು ಬೂದು.
ತಿರುಗಿದೆ, ಹೋಯಿತು.
ಬಿಟ್ಟೆ.

ಈಗ ಎರಡು ಗುಂಡಿ ಇಟ್ಟಿದ್ದೇನೆ.
'ಕ್ಯಾಮೆರಾ' ಒತ್ತಿದರೆ ಗುಲಾಬಿ, ನೇರಳೆ, ಮಕ್ಕಳ ಓ ಎಂಬ ಕೂಗು.
'ಕಣ್ಣು' ಒತ್ತಿದರೆ ಕಾಲು ಗಂಟೆ ಏನೂ ಆಗುವುದಿಲ್ಲ.
ಹೆಚ್ಚಿನವರು ಎದ್ದು ಹೋಗುತ್ತಾರೆ.
ಹೋದ ವಾರ ಒಬ್ಬಳು, ಹೊರಡಲೆಂದು
ಕತ್ತಲಲ್ಲೇ ತಡಕಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದವಳು,
ತಲೆ ಎತ್ತದೆಯೇ ಕೇಳಿದಳು:
ಅದೇನದು, ಅಲ್ಲಿ?