ಬಾಗಿಲ ಸಂದಿಯ ಚೀಟಿ

ವಯೋಮಿಂಗಿನ ಬಫಲೋ. ಲಾರಿ ತೂಗುವ ಕಟ್ಟೆ.
ಆರೂವರೆಯ ಬೆಳಕು, ಗಾಳಿಯಲ್ಲಿ ಡೀಸೆಲ್ಲಿನ ಕಮಟು.
ಪಿಕಪ್ಪು; ಅದರ ಬೆನ್ನಿಗೆ ಕಚ್ಚಿಕೊಂಡ ಬಿಳಿಯ ಗಾಲಿಮನೆ.
ಆರ್ಲಿಸಳ ಕೈಲಿ ನೋಟುಬುಕ್ಕು, ಕಿವಿಗೆ ಪೆನ್ಸಿಲು.

ಎಳೆಯೋ ತಾಕತ್ತು ಬೇರೆ, ಹೊರೋ ತಾಕತ್ತು ಬೇರೆ,
ಅವಳ ನಿತ್ಯಪಾಠ. ಅಂಗಡಿಯವನ ಒಂಬತ್ತು ಸಾವಿರ
ಅವನ ಬಾಯಲ್ಲೇ ಇರಲಿ. ನಂಬಬೇಕಾದ್ದು
ಬಾಗಿಲ ಸಂದಿಯ ಹಳದಿ ಚೀಟಿ:
ಜನ, ಸಾಮಾನು ಕೂಡಿ ಸಾವಿರದ ನಾನೂರು ಪೌಂಡು.
ಕೊಕ್ಕೆಯ ಮೇಲೆ ಟ್ರೇಲರು ಮೂಗೂರುವ ಭಾರವೂ ಅದರಲ್ಲೇ,
ನಾಯಿಯೂ ಅದರಲ್ಲೇ.
ಮೂಗು ತೀರ ಹಗುರಾಯಿತೋ,
ಬಿಗ್‌ಹಾರ್ನಿನ ಇಳಿಜಾರಲ್ಲಿ
ಹಿಂದಿನದು ಮುಂದಿನದನ್ನು ಆಡಿಸುತ್ತೆ.

ಅದಕ್ಕೇ ನೀರಿನ ಟ್ಯಾಂಕು ಖಾಲಿ.
ಬೀಡಿನ ಬಾಣಲೆ ತಂಗಿಯ ಮನೆಗೆ.
ನಲವತ್ತು ವರ್ಷ ಕುದುರೆಗೆ ಲಾಳ ಬಡಿದ
ಡೆಲ್ಮಾರನ ಅಡಿಗಲ್ಲು, ಅರವತ್ತು ಪೌಂಡು,
ಶೆಡ್ಡಿನಲ್ಲೇ.
ಮೂರು ದಿನ ಮಾತಾಡಿರಲಿಲ್ಲ ಅವನು.

ತೂಕದ ರಸೀದಿ ಬಂತು.
ಕೂಡಿದಳು, ಕಳೆದಳು, ಮತ್ತೆ ಕೂಡಿದಳು.
ಅಂದಾಜಿಗಿಂತ ಐವತ್ತು ಕಡಿಮೆ.
ಪುಟ ತಿರುವಿದಳು: ಹೋದ ಜೂನಿನ ಅಂಕಿ,
ತಿದ್ದದೆ ಹಾಗೇ ಇಳಿಸಿಕೊಂಡದ್ದು.
ಡೆಲ್ಮಾರ್, ಇನ್ನೂರ ಹನ್ನೆರಡು.
ಅಂಗಿಯ ಕಾಲರಿನೊಳಗೆ ಅವನ ಕತ್ತು
ಈಗ ಗಂಟೆಯ ನಾಲಗೆ.

ಸೀಟಿನಿಂದಲೇ ಕೇಳಿದ: ಎಷ್ಟು?
ಹೇಳಿದಳು.
ಗಾಜಿನಾಚೆ ನೋಡುತ್ತ ಸ್ವಲ್ಪ ಹೊತ್ತು ಕೂತ.
ಹಾಗಾದರೆ ಅಡಿಗಲ್ಲು ಬರಲಿ, ಅಂದ.
ಇನ್ನೂ ಹತ್ತು ಹೆಚ್ಚಾಗುತ್ತಲ್ಲ.

ಅವಳು ಪೀಚು ಹಣ್ಣಿನ ಮೂರು ಜಾಡಿ ಎತ್ತಿ
ಕಟ್ಟೆಯ ಮೇಲಿಟ್ಟು
ಹತ್ತಿ ಕೂತಳು.
ಹನ್ನೊಂದು ಮೈಲಿ, ಹಿಂದಕ್ಕೆ.