ಸದ್ದಿಗೆ ಕಾಲಂ ಇಲ್ಲ

ಕಾಗದ ಬಂದದ್ದು ಮಂಗಳವಾರ. ಟ್ರೋಂಡ್‌ಹೈಮ್‌ನಲ್ಲಿ
ಬೆಳಕು ಹತ್ತಕ್ಕೆ ಬಂದು ಎರಡೂವರೆಗೆ ಎದ್ದುಹೋಗುವ ತಿಂಗಳು.
ಬೀಗ ಬದಲಿಸುವುದು ನನ್ನ ಕೆಲಸ.
ಬದಲಿಸಿದೆ.
ನೆಲಕ್ಕೆ ಹಳದಿ ಪಟ್ಟಿ ಅಂಟಿಸುವುದೂ ನನ್ನದೇ.
ಅಂಟಿಸಿದೆ, ಮೊಣಕಾಲೂರಿ, ಗುಳ್ಳೆ ಏಳದಂತೆ
ಬಟ್ಟೆಯಿಂದ ಒತ್ತಿ ಒತ್ತಿ.

ಪಟ್ಟಿಯ ಈಚೆ ನಾನು, ತುರಿಡ್, ಇಪ್ಪತ್ತಾರು ವರ್ಷದಿಂದ
ಈ ಪ್ರಯೋಗಾಲಯದ ಎಣ್ಣೆಬಟ್ಟೆ.
ಆಚೆ ಫರ್ನೂಶ್, ಕೆರ್ಮಾನಿನವಳು,
ಉಕ್ಕು ಯಾವ ಚಳಿಗೆ ಬಾಗುವುದ ಮರೆತು
ಮುರಿಯುತ್ತದೆಂದು ಮೂರು ವರ್ಷದಿಂದ ಹುಡುಕುತ್ತಿರುವವಳು.
ನಿನ್ನೆಯವರೆಗೆ ನಮ್ಮ ನಡುವೆ
ಒಂದು ಮೇಜು, ಎರಡು ಕಾಫಿ ಲೋಟ.
ಇವತ್ತು ಒಂದು ದೇಶ.

ಪ್ರೊಫೆಸರ್ ಓದ್‌ವಾರ್ ಕಾಗದ ಓದಿ ಹೇಳಿದರು:
ಹಡಗಿಗೇರಿಸಿ ಕಳಿಸಿದರಷ್ಟೇ ರಫ್ತಲ್ಲ,
ಅವಳಿಗೆ ತೋರಿಸಿದರೂ ರಫ್ತು,
ಅವಳೆದುರು ಬಾಯಿ ಬಿಟ್ಟರೂ ರಫ್ತು.
ಹೇಳುತ್ತ ಹೇಳುತ್ತ ತಮ್ಮ ಬಾಯಿಗೇ ಕೈ ಅಡ್ಡ ಹಿಡಿದರು,
ಕೆಮ್ಮಿಗೂ ಪರವಾನಗಿ ಬೇಕೇನೋ ಎಂಬಂತೆ.
ಕುಂಬಳಕಾಯಿ ಕದ್ದವರು ಯಾರೂ ಇರಲಿಲ್ಲ ಅಲ್ಲಿ,
ಆದರೂ ಎಲ್ಲರೂ ಹೆಗಲು ಮುಟ್ಟಿ ನೋಡಿಕೊಂಡೆವು.

ಅರ್ಜಿಯ ಏಳನೆಯ ಪ್ರಶ್ನೆ: ಈ ಅರಿವನ್ನು
ಬೇರೆ ಯಾವುದಕ್ಕೆ ಬಳಸಬಹುದು?
ಫರ್ನೂಶ್ ಬರೆದಳು: ಹಡಗಿನ ಹೊಟ್ಟೆ, ಗ್ಯಾಸಿನ ಕೊಳವೆ,
ಸೇತುವೆ, ಮಕ್ಕಳ ಹಿಮಬಂಡಿಯ ಅಡಿಪಟ್ಟಿ.
ಇನ್ನೂ ಜಾಗ ಉಳಿಯಿತು.
ಉಳಿದದ್ದನ್ನು ಓದುವವರೇ ತುಂಬಿಕೊಂಡರು.

ಹೆದರಿಕೆ ಪೂರಾ ಸುಳ್ಳೆನ್ನಲಾರೆ.
ನನ್ನಜ್ಜನ ತೊಡೆಯಲ್ಲಿ ಸಾಯುವವರೆಗೂ ಒಂದು ಚೂರಿತ್ತು,
ಯಾರೋ ಓದಿದವರು ಅಚ್ಚುಕಟ್ಟಾಗಿ ಹದ ಮಾಡಿದ ಉಕ್ಕು;
ಚಳಿ ಏರುವುದನ್ನು ಮನೆಯಲ್ಲಿ ಮೊದಲು ಹೇಳುತ್ತಿದ್ದದ್ದು ಅದೇ.
ಆದರೆ ಗ್ರಂಥಾಲಯದ ನೆಲಮಾಳಿಗೆಯಲ್ಲಿ
ಬೆನ್ನು ಕಿತ್ತ ಹಳೆಯ ಪುಸ್ತಕವೊಂದಿದೆ,
ತೊಂಬತ್ತೊಂದನೆಯ ಪುಟದಲ್ಲಿ ಇದೇ ಗೆರೆ, ಇದೇ ಇಳಿಜಾರು.
ಯಾರಾದರೂ ಒಯ್ಯಬಹುದು, ನಾಲ್ಕು ವಾರ,
ತಡವಾದರೆ ದಂಡ.
ಪುಸ್ತಕ ಹೇಳಿದರೆ ಓದು.
ನನ್ನ ಬಾಯಲ್ಲಿ ಬಂದರೆ ಸಾಗಣೆ.

ಶುಕ್ರವಾರ ಲೋಲಕದ ಸುತ್ತಿಗೆ ಎತ್ತಿ ನಿಲ್ಲಿಸಿದೆ.
ಬೆರಳುದ್ದದ ಕಡ್ಡಿ, ನಡುವೆ ಸಣ್ಣ ಕಚ್ಚು,
ಕಾಗದ ಬರುವ ಮುಂಚೆ ಅವಳೇ ಕೊರೆದದ್ದು.
ತಣ್ಣನೆ ಸ್ಪಿರಿಟ್ಟಿನಿಂದ ಇಕ್ಕುಳದಲ್ಲೆತ್ತಿ
ಐದೆಣಿಸುವುದರೊಳಗೆ ಇಟ್ಟು
ಬಿಟ್ಟೆ.
ಮೊದಲನೆಯದು ದಪ್ಪ ಸದ್ದು, ಒದ್ದೆ ಸೌದೆ ಸೀಳಿದ ಹಾಗೆ.
ಬಾಗಿಲಾಚೆ ಓಣಿಯಿಂದ ಅವಳ ದನಿ: "ಸೊನ್ನೆ."
ಹೌದು, ಸೊನ್ನೆ ಡಿಗ್ರಿ.
ಎರಡನೆಯದಕ್ಕೆ: "ಇಪ್ಪತ್ತು ಕೆಳಗೆ. ಇನ್ನೂ ಜೀವ ಇದೆ."
ಮೂರನೆಯದು ಠಣ್ಣೆಂದಿತು,
ಕಲ್ಲಿನ ಮೇಲೆ ಪಿಂಗಾಣಿ ತಟ್ಟೆ ಬಿದ್ದಂತೆ.
ಬಹಳ ಹೊತ್ತು ಮಾತಿಲ್ಲ. ಆಮೇಲೆ,
"ತುರಿಡ್, ನಲವತ್ತು. ಅಲ್ಲೇ ಇದೆ ಅದು. ಅಲ್ಲೇ."
ಮೂರು ವರ್ಷ ಹುಡುಕಿದ್ದು ಓಣಿಯಲ್ಲಿ ಸಿಕ್ಕಿತು,
ಕೋಟು ತೊಟ್ಟೇ ನಿಂತವಳಿಗೆ,
ಬೂಟಿನ ಹಿಮ ಕರಗಿ ಹರಿಯುತ್ತಿದ್ದಾಗ.

ದಾಖಲೆ ಪುಸ್ತಕ ತೆರೆದೆ.
ಹಾಜರಿದ್ದವರು: ಒಬ್ಬರು.
ತೋರಿಸಿದ್ದು: ಇಲ್ಲ. ಹೇಳಿದ್ದು: ಇಲ್ಲ. ಕೊಟ್ಟದ್ದು: ಇಲ್ಲ.
ಸದ್ದಿಗೆ ಕಾಲಂ ಇರಲಿಲ್ಲ.
ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತಿದ್ದೆ,
ಸಹಿ ಮಾಡಿದೆ.

ಪರವಾನಗಿ ಬಂತು, ಮುಂದಿನ ಅಕ್ಟೋಬರಿನಲ್ಲಿ,
ಅವಳ ಹೆಸರಿನಲ್ಲೊಂದು ಅಕ್ಷರ ತಪ್ಪಿ.
ಅಷ್ಟರಲ್ಲಿ ಅವಳು ಹಿಟ್ರಾ ದ್ವೀಪದಲ್ಲಿ
ಸಾಲ್ಮನ್ ಕಾರ್ಖಾನೆಯ ಶೀತಲ ಕೋಣೆಗೆ ಕಾವಲು;
ಗಂಟೆಗೊಮ್ಮೆ ಉಷ್ಣತೆ ಬರೆದಿಡಬೇಕು.
ಒಂದು ರಾತ್ರಿ ಮೆಸೇಜು ಕಳಿಸಿದ್ದಳು:
"ಇಲ್ಲಿ ಮೈನಸ್ ಇಪ್ಪತ್ತೆರಡು.
ಬಾಗಿಲ ಕೊಂಡಿ ಇನ್ನೂ ಬಾಗುತ್ತದೆ."

ಹಳದಿ ಪಟ್ಟಿ ಕಿತ್ತೆ. ಅಂಟು ಬಿಡಲಿಲ್ಲ.
ಬೂಟಿನ ದೂಳೆಲ್ಲ ಅದರ ಮೇಲೇ ಕೂತು
ಈಗ ಅಲ್ಲೊಂದು ಕಪ್ಪು ಗೆರೆ.
ಹೊಸದಾಗಿ ಸೇರಿದ ಹುಡುಗರೂ, ಯಾರೂ ಹೇಳದೆಯೇ,
ಅದನ್ನು ತುಳಿಯದೆ ದಾಟುತ್ತಾರೆ.